ಬುಡ್ತು ಅನ್ನಿ, ಅದು ಇಂಡೋನೇಷ್ಯಾದ ಮಾತು

ಪರದೇಶದ ಭಾಷೆ ಕಲಿಯಲು ಹೊರಟವರಿಗೆಲ್ಲ ಹೀಗೇ ಆಗುತ್ತದೋ, ಇಲ್ಲ ನನ್ನ ಹಣೆಯಲ್ಲೇ ಹಾಗೆ ಬರೆದಿತ್ತೋ, ನನಗಿನ್ನೂ ತಿಳಿದಿಲ್ಲ. ಇಂಡೋನೇಷ್ಯಾದ ಭಾಷೆಗೆ ಬಾಯಿ ತೆರೆದ ದಿನದಿಂದ ನನ್ನ ಸುತ್ತ ಆಡಿದ ಮಾತು ಒಂದಾದರೆ ಕೇಳಿಸುವುದು ಇನ್ನೊಂದು. ಐವತ್ತರ ದಶಕದಲ್ಲಿ, ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಿಂದ ಮೈಸೂರಿಗೆ ಓದಲು ಹೋಗಿದ್ದ ನಾನು, ಮೊದಮೊದಲು ನಾಚಿಕೊಳ್ಳುತ್ತಿದ್ದೆ. ಆಮೇಲೆ ನಗುವುದನ್ನು ಕಲಿತೆ. ಈಗ ನೆನೆದರೆ ನಗುವಿಗಿಂತ ಮುಂಚೆ ಬರುವುದು ಬೆರಗು.

ಯಾವ ತಾಲ್ಲೂಕು?

ವಿಶ್ವವಿದ್ಯಾನಿಲಯದಲ್ಲಿ ಆಗ ಹೊಸದಾಗಿ ಇಂಡೋನೇಷ್ಯಾದ ಭಾಷೆ ಮತ್ತು ಸಂಸ್ಕೃತಿಯ ತರಗತಿ ತೆರೆದಿದ್ದರು. ಕಲಿಸಲು ಜಾವಾ ದ್ವೀಪದಿಂದ ಒಬ್ಬ ಮೇಷ್ಟ್ರು ಹೆಂಡತಿ ಸಮೇತ ಬಂದಿದ್ದರು. ಸೈಕಲ್ ನಿಲ್ಲಿಸುವ ಚಪ್ಪರದ ಪಕ್ಕದ ಕೋಣೆಯೇ ನಮ್ಮ ಇಂಡೋನೇಷ್ಯಾ. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಮೊದಲ ದಿನ ಮೇಷ್ಟ್ರು ಹಲಗೆಯ ಮೇಲೆ ತಮ್ಮ ನುಡಿಯ ಪದಗಳನ್ನು ಬರೆದು ಓದಿಸಿದರು. ಬಹಾಸ, ಗುರು, ನಾಮ, ರೂಪ, ಪುತ್ರ, ದೇಸ. ನನಗೆ ಮೈ ಜುಮ್ಮೆಂದಿತು. ಅಷ್ಟು ನೀರಿನ ಆಚೆ ಕೂತವರ ಬಾಯಿಗೆ ಈ ಮಾತುಗಳು ಯಾವ ಹಡಗು ಹತ್ತಿ ಹೋದವು? ‘ದೇಸ’ ಎಂದರೆ ಅಲ್ಲಿ ಹಳ್ಳಿಯಂತೆ. ನಮ್ಮಪ್ಪನಿಗೂ ಕಟ್ಟೆಮಳಲವಾಡಿಯೇ ದೇಶ, ಅದರಾಚೆ ಎಲ್ಲವೂ ಪರದೇಶ.

ಆ ವಾರ ಊರಿಗೆ ಹೋಗುವಾಗ ಹುಣಸೂರು ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಕೇಳಿದರು:

“ಏನ್ ಓದ್ತಿದ್ದೀಯಪ್ಪ?”

“ಇಂಡೋನೇಷ್ಯಾ ಭಾಷೆ, ತಾತ.”

“ಅದ್ಯಾವ್ ತಾಲ್ಲೂಕು?”

“ತಾಲ್ಲೂಕಲ್ಲ, ದೇಶ. ಮದರಾಸು ದಾಟಿ, ಕಡಲು ದಾಟಿ ಹೋಗ್ಬೇಕು.”

“ಅಲ್ಲಿ ಕನ್ನಡ ಬರೋರು ಯಾರಾದ್ರೂ ಅವ್ರಾ?”

“ಇಲ್ಲ.”

“ಇಲ್ಲಿ ಆ ಬಾಸೆ ಬರೋರು?”

“ಯಾರೂ ಇಲ್ಲ.”

ತಾತ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಯೋಚಿಸಿದರು. “ಅಂಗಾದ್ರೆ ಎರಡೂ ಕಡೆಯೋರು ಜಗಳ ಇಲ್ದೆ ಸುಖವಾಗವ್ರೆ. ಮಧ್ಯದಲ್ಲಿ ನೀನ್ಯಾಕೆ ಹೋಗ್ತೀಯ?”

ಸಾಯ

ಆ ಭಾಷೆಯಲ್ಲಿ ‘ನಾನು’ ಎನ್ನಬೇಕಾದರೆ ‘ಸಾಯ’ ಎನ್ನಬೇಕು. ರಜೆಯಲ್ಲಿ ಊರಿಗೆ ಬಂದವನು ಹಜಾರದಲ್ಲಿ ಕೂತು ಗಟ್ಟಿಯಾಗಿ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಸಾಯ ಹೋಗುತ್ತೇನೆ, ಸಾಯ ತಿನ್ನುತ್ತೇನೆ, ಸಾಯ ಮಲಗುತ್ತೇನೆ. ಒಳಗೆ ರಾಗಿ ಬೀಸುತ್ತಿದ್ದ ನಮ್ಮವ್ವ ಕಲ್ಲು ನಿಲ್ಲಿಸಿ ಓಡಿ ಬಂದಳು.

“ಲೇ ಮಗಾ, ಒಳ್ಳೆ ಹೊತ್ನಲ್ಲಿ ಸಾಯೋ ಮಾತ್ಯಾಕ್ಲಾ? ಬುಡ್ತು ಅನ್ನು!”

“ಅವ್ವ, ಸಾಯ ಅಂದ್ರೆ ನಾನು ಅಂತ.”

“ನಾನು ಅಂದ್ರೂ ಸಾಯ್ಬೇಕಾ? ಅದೆಂಥ ಬಾಸೆನೋ! ಮೊದ್ಲು ಬುಡ್ತು ಅನ್ನು.”

ಬುಡ್ತು ಅಂದೆ. ಅವಳು ಒಳಗೆ ಹೋದಳು. ಮತ್ತೆ ‘ಸಾಯ’ ಅಂದೆ. ಒಳಗಿನಿಂದ “ಬುಡ್ತು ಅನ್ನು!” ಎಂಬ ಕೂಗು. ಹೀಗಾಗಿ ಆ ಭಾಷೆಯ ಪ್ರತಿ ವಾಕ್ಯಕ್ಕೂ ಕೊನೆಯಲ್ಲಿ ‘ಬುಡ್ತು’ ಸೇರಿಸುವ ಅಭ್ಯಾಸ ನನಗೆ ಅಂಟಿಕೊಂಡಿತು. ರಜೆ ಮುಗಿಸಿ ತರಗತಿಗೆ ಹೋದಾಗ ಮೇಷ್ಟ್ರು ಬಹಳ ಗೌರವದಿಂದ ಕೇಳಿದರು, “ನಿನ್ನ ಉಚ್ಚಾರಣೆ ಚೆನ್ನಾಗಿದೆ. ಆದರೆ ಈ ಬುಡ್ತು ಯಾವ ದ್ವೀಪದ ಮಾತು?”

ಬರೀ ಎರಡೇ?

ಒಂದು ಬೆಳಿಗ್ಗೆ ಮೇಷ್ಟ್ರು ಅವರ ನುಡಿಯಲ್ಲೇ ಕೇಳಿದರು, “ಇವತ್ತು ಏನು ತಿಂದು ಬಂದೆ?”

ನಾನು ಎದೆಯುಬ್ಬಿಸಿ ಎದ್ದು ನಿಂತು, “ಸಾಯ ಮಾಕನ್ ದುಆ ದೋಸ” ಅಂದೆ. ಎರಡು ದೋಸೆ ತಿಂದೆ ಅಂತ ನನ್ನ ಲೆಕ್ಕ. ನಮ್ಮ ದೋಷವೇ ಅಲ್ಲಿ ‘ದೋಸ’ ಆಗಿದೆ, ಅದಕ್ಕೆ ಪಾಪ ಎಂಬ ಅರ್ಥ ಎಂಬುದು ಆಮೇಲೆ ತಿಳಿಯಿತು. ನಾನು ಎರಡು ಪಾಪ ತಿಂದು ಬಂದೆ ಅಂದಿದ್ದೆ.

ಮೇಷ್ಟ್ರು ಮುಖದ ಗಾಂಭೀರ್ಯ ಕೆಡಿಸಿಕೊಳ್ಳಲಿಲ್ಲ. ಗಡಿಯಾರ ನೋಡಿದರು. “ಬರೀ ಎರಡೇ? ಪರವಾಗಿಲ್ಲ, ಇನ್ನೂ ಹತ್ತು ಗಂಟೆ.”

ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ನಮ್ಮ ಪಾಪ ಎಂಥದ್ದೆಂದು ತೋರಿಸಿದೆ. ಬೆಣ್ಣೆ ಹಾಕಿಸಿದೆ. ಅಂದಿನಿಂದ ಶನಿವಾರ ಬಂತೆಂದರೆ ಅವರೇ ಛತ್ರಿ ಹಿಡಿದು ಬಂದು ಕರೆಯುತ್ತಿದ್ದರು, “ಬಾ, ಪಾಪ ಮಾಡಿ ಬರೋಣ.”

ಅಪ್ಪನ ಷರತ್ತು

ತರಗತಿಯಲ್ಲಿ ಚೆನ್ನಾಗಿ ಕಲಿತವನೊಬ್ಬನನ್ನು ಎರಡು ವರ್ಷ ಜಾವಾದ ವಿಶ್ವವಿದ್ಯಾನಿಲಯಕ್ಕೆ ಕಳಿಸುವುದೆಂದು ಗೊತ್ತಾಗಿತ್ತು. ಮೇಷ್ಟ್ರು ನನ್ನ ಹೆಸರು ಹೇಳಿದರು. ಸಂತೋಷ ತಡೆಯಲಾರದೆ ಊರಿಗೆ ಓಡಿದೆ.

ಅಪ್ಪ ಹೊಲದ ಬದುವಿನ ಮೇಲೆ ಕೂತಿದ್ದರು. ಎಲ್ಲ ಕೇಳಿದರು. ಅವರಿಗೆ ಹಡಗು, ಕಡಲು, ಖರ್ಚು ಯಾವುದರ ಹೆದರಿಕೆಯೂ ಇರಲಿಲ್ಲ. ಇದ್ದ ಹೆದರಿಕೆ ಒಂದೇ.

“ಅಲ್ಲಿ ನಿಂಗೆ ಹೊಟ್ಟೆನೋವು ಬಂದ್ರೆ ಯಾರ್ ಕೂಟ ಹೇಳ್ಕೊತೀಯ? ನಮ್ ಮಾತಿನ ಗಾಳೀನೂ ಇಲ್ಲದ ಕಡೆ ಮಗನ್ನ ಬುಟ್ಟು ನಾನು ಇಲ್ಲಿ ಊಟ ಮಾಡೋದೆಂಗ್ಲಾ?”

ಆ ಅವಕಾಶ ಕೈಬಿಟ್ಟರೆ ಬದುಕಿಡೀ ಕೊರಗುತ್ತೇನೆಂದು ಗೊತ್ತು, ಅಪ್ಪ ಬೇಡ ಅಂದರೆ ಹೋಗಲಾರೆನೆಂಬುದೂ ಗೊತ್ತು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಪಂಚೆ ಕೊಡವಿದರು. “ನಾಟಿ ಮುಗೀಲಿ. ಆ ನಿಮ್ ಮೇಷ್ಟ್ರನ್ನ ಊಟಕ್ಕೆ ಕರ್ಕೊಂಡ್ ಬಾ. ಅವ್ರ್ ಬಾಸೇಲೇ ಮಾತಾಡ್ಲಿ. ನೀನು ಮಧ್ಯೆ ಬಾಯ್ ಹಾಕಂಗಿಲ್ಲ. ಅದ್ರಲ್ಲಿ ಒಂದೇ ಒಂದು ಮಾತು ನಂಗೆ ತಿಳಿದ್ರೆ ಕಳಿಸ್ತೀನಿ. ತಿಳೀಲಿಲ್ಲ ಅಂದ್ರೆ ಇಲ್ಲೇ ಯಾವ್ದಾದ್ರೂ ಇಸ್ಕೂಲಲ್ಲಿ ಮೇಷ್ಟ್ರಾಗು.”

ನಾಲ್ಕು ಹೆಜ್ಜೆ ಹೋದವರು ತಿರುಗಿ ಕೇಳಿದರು, “ಅವ್ರು ಯಾವ ಜನ?”

“ಹೆಸರು ನಮ್ಮ ಶಾನುಭೋಗರ ಹೆಸರಿಗಿಂತ ಸಂಸ್ಕೃತ ಅಪ್ಪ. ಆದ್ರೆ ದಿನಾ ನಮಾಜು ಮಾಡ್ತಾರೆ.”

ಅಪ್ಪ ಗಲ್ಲ ಕೆರೆದುಕೊಂಡರು. “ಊಟಕ್ಕೇನು?”

“ಅನ್ನ.”

“ಅನ್ನಾನಾ! ಅಂಗಾದ್ರೆ ನಮಗಿಂತ ಸ್ಥಿತಿವಂತರು ಬುಡು.”

ಎಲ್ಲರಿಗೂ ಗೊತ್ತು

ಮೇಷ್ಟ್ರು ದಂಪತಿಗಳನ್ನು ಬಸ್ಸು ಹತ್ತಿಸಿದೆ. ಆದರೆ ನೇರವಾಗಿ ಊರಿಗೆ ಕರೆದೊಯ್ಯುವ ಧೈರ್ಯವಾಗಲಿಲ್ಲ. ನಾಟಿ ಇನ್ನೂ ಮುಗಿದಿಲ್ಲ ಅಂತ ಹೇಳಿ ಸುತ್ತಲ ತಾಲ್ಲೂಕುಗಳನ್ನೆಲ್ಲ ತೋರಿಸಿ ದಿನ ತಳ್ಳಿದೆ.

ನಮ್ಮ ಕಡೆ ಗೊತ್ತಿಲ್ಲದ ಗಂಡಸರನ್ನೆಲ್ಲ ‘ಸ್ವಾಮಿ’ ಅನ್ನುವುದು ರೂಢಿ. ಕಂಡಕ್ಟರು, “ಒಳಗ್ ನಡೀರಿ ಸ್ವಾಮಿ” ಅಂದ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿಯವನು, “ಬಿಸಿ ಅದೆ, ತಕ್ಕಳಿ ಸ್ವಾಮಿ” ಅಂದ. ಕಾಫಿ ಹೋಟೆಲಿನವನು, “ಏನ್ ಕೊಡ್ಲಿ ಸ್ವಾಮಿ?” ಅಂದ. ಮೇಷ್ಟ್ರ ಹೆಂಡತಿ ಪ್ರತಿ ಸಲವೂ ಕಣ್ಣರಳಿಸಿ ಗಂಡನನ್ನು ನೋಡುತ್ತಿದ್ದರು. ಕೊನೆಗೆ ನನ್ನ ಬಳಿ ಬಂದು ಅವರ ನುಡಿಯಲ್ಲಿ ಪಿಸುಗುಟ್ಟಿದರು:

“ನಮ್ಮಲ್ಲಿ ‘ಸುಆಮಿ’ ಅಂದರೆ ಗಂಡ. ನಾವಿಬ್ಬರೂ ಮದುವೆಯಾದವರು ಅಂತ ನಿಮ್ಮ ಊರಿನವರಿಗೆಲ್ಲ ಹೇಗೆ ಗೊತ್ತಾಯಿತು?”

ಇಸ್ತ್ರಿ ಬೇಕಾ?

ಹುಣಸೂರಿನ ಟ್ರಾವೆಲರ್ಸ್ ಬಂಗಲೆಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಬಟ್ಟೆ ಉಜ್ಜುವವನು ಕೆಂಡ ತುಂಬಿದ ಪೆಟ್ಟಿಗೆ ಹಿಡಿದುಕೊಂಡು ಬಂದ.

“ಇಸ್ತ್ರಿ ಬೇಕಾ ಸ್ವಾಮಿ?”

ಅವರ ಭಾಷೆಯಲ್ಲಿ ‘ಇಸ್ತ್ರಿ’ ಅಂದರೆ ಹೆಂಡತಿ. ನಮ್ಮ ಸ್ತ್ರೀಯೇ ಅಲ್ಲಿಗೆ ಹೋಗಿ ಇಸ್ತ್ರಿಯಾಗಿದ್ದಾಳೆ. ಬೆಳಗಾಗುತ್ತಲೇ ಒಬ್ಬ ಅಪರಿಚಿತ ಬಾಗಿಲಿಗೆ ಬಂದು ‘ಹೆಂಡತಿ’, ‘ಗಂಡ’ ಅನ್ನುತ್ತಿದ್ದಾನೆ. ಮೇಷ್ಟ್ರು ಗಾಬರಿಯಾಗಿ ಒಳಗೆ ಕೈ ತೋರಿಸಿ, “ಇಸ್ತ್ರಿ ಸುದಾ ಅದ!” ಅಂದರು. ಅಂದರೆ, ನನಗೆ ಹೆಂಡತಿ ಆಗಲೇ ಇದ್ದಾಳೆ, ಬೇಡ.

ಅವನಿಗೆ ಕೇಳಿಸಿದ್ದು ‘ಇಸ್ತ್ರಿ ಸುಡ್ತಾ ಅದೆ’.

“ಹೂಂ ಸ್ವಾಮಿ, ಸುಡ್ತಾ ಅದೆ! ಈಗ್ ತಾನೆ ಕೆಂಡ ಹಾಕಿವ್ನಿ. ಕೊಡಿ ಕೊಡಿ.”

“ಸುದಾ ಅದ! ಸುದಾ ಅದ!”

“ಅದ್ನೇ ನಾನೂ ಹೇಳ್ತಿರೋದು ಸ್ವಾಮಿ! ಆರೋಕ್ ಮುಂಚೆ ಕೊಡಿ!”

ಗಲಾಟೆ ಕೇಳಿ ಮೇಷ್ಟ್ರ ಹೆಂಡತಿ ಹೊರಗೆ ಬಂದರು. ಅವರನ್ನು ತೋರಿಸಿ ಮೇಷ್ಟ್ರು, “ಇಸ್ತ್ರಿ!” ಅಂದರು. ಅವನು ಆ ತಾಯಿಯ ಉಡುಪನ್ನು ಮೇಲಿಂದ ಕೆಳಗೆ ನೋಡಿ, “ಉಟ್ಟಿರೋ ಬಟ್ಟೆಗೆ ನಾನ್ ಮಾಡಾಕಿಲ್ಲ ಸ್ವಾಮಿ, ಬಿಚ್ಚಾಕಿದ್ರೆ ಕೊಡಿ” ಅಂದ. ಸದ್ಯ, ಆ ಮಾತನ್ನು ಅನುವಾದ ಮಾಡು ಅಂತ ನನಗೆ ಯಾರೂ ಹೇಳಲಿಲ್ಲ.

ಅರ್ಧ ಗಜ

ಎಚ್.ಡಿ. ಕೋಟೆ ಕಡೆ ಹೋಗುವಾಗ ಕಾಡಂಚಿನಲ್ಲಿ ಆನೆಗಳು ರಸ್ತೆ ದಾಟುತ್ತಿದ್ದವು. ಬಸ್ಸು ನಿಂತಿತು. ಮೇಷ್ಟ್ರ ಹೆಂಡತಿ ಎದ್ದು ನಿಂತು, “ಗಜಾ!” ಎಂದು ಕೂಗಿದರು. ಇಡೀ ಬಸ್ಸು ಅವರತ್ತ ತಿರುಗಿತು. ಒಬ್ಬ ಮುದುಕಿ ಕೈ ಮುಗಿದು, “ದೇವ್ರ ಬಾಸೇಲಿ ಹೇಳ್ತಾವ್ಳೆ ತಾಯಿ” ಅಂದಳು. ನನ್ನ ಸಹಾಯವಿಲ್ಲದೆಯೇ ಜಾವಾದ ಹೆಂಗಸಿನ ಮಾತು ಕೋಟೆಯ ಮುದುಕಿಗೆ ತಿಳಿಯಿತು. ಆ ಕ್ಷಣ ನನಗೆ ಎದುರಿಗಿದ್ದ ಆನೆಗಳಿಗಿಂತ ಆ ಒಂದು ಪದವೇ ದೊಡ್ಡದಾಗಿ ಕಂಡಿತು.

ಆ ಬೆರಗು ಮರುದಿನ ಪಿರಿಯಾಪಟ್ಟಣದ ಬಟ್ಟೆ ಅಂಗಡಿಯವರೆಗೆ ಬಂತು. ಮೇಷ್ಟ್ರ ಹೆಂಡತಿ ರವಿಕೆಗೆ ಬಟ್ಟೆ ಆರಿಸಿದರು. ಅಂಗಡಿಯ ಯಜಮಾನರು ಬೆರಳು ಮಡಿಸಿ ತೋರಿಸುತ್ತ ಕೇಳಿದರು, “ಎಷ್ಟ್ ಗಜ ಬೇಕಮ್ಮ? ಎರಡ್ ಗಜ? ಮೂರ್ ಗಜ?”

ಆಕೆ ಎರಡು ಹೆಜ್ಜೆ ಹಿಂದೆ ಸರಿದರು. “ನಮಗೆ ಆನೆ ಬೇಡ ಅಂತ ಹೇಳು. ಬಟ್ಟೆ ಮಾತ್ರ ಸಾಕು.”

ವಿಷಯ ತಿಳಿದ ಯಜಮಾನರು ಗಲ್ಲಾದ ಮೇಲೆ ಕೈ ಬಡಿದು ನಕ್ಕರು. ಆಮೇಲೆ ಕತ್ತರಿ ಎತ್ತಿಕೊಂಡು ಹೇಳಿದರು, “ಇಡೀ ಗಜ ಬ್ಯಾಡಾಂದ್ರೆ ಅರ್ಧ ಗಜ ಕತ್ತರಿಸಿ ಕೊಡ್ತೀನಿ ಅಂತ ಹೇಳಪ್ಪ.”

ಗದ್ದೆಯಲ್ಲಿ

ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋದೆವು. ಕಾವೇರಿ ಧುಮುಕುವುದನ್ನು ತೋರಿಸಬೇಕೆಂದು ನನ್ನ ಆಸೆ. ಮೇಷ್ಟ್ರ ಹೆಂಡತಿ ದಾರಿಯಲ್ಲೇ ನಿಂತುಬಿಟ್ಟರು. ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿ ಹಾಕುತ್ತಿದ್ದರು. ಈಕೆ ಚಪ್ಪಲಿ ಕಳಚಿ, ಉಟ್ಟ ಬಟ್ಟೆ ಮೇಲಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದೇ ಇಳಿದರು. ಸಾಲಿನಲ್ಲಿ ಸೇರಿಕೊಂಡು, ನಮ್ಮ ಹೆಂಗಸರಂತೆಯೇ ಹಿಂದೆ ಹಿಂದೆ ಸರಿಯುತ್ತ, ಪೈರು ಊರತೊಡಗಿದರು. ಅದೇ ಬಾಗು, ಎಡಗೈಯಲ್ಲಿ ಅದೇ ಕಟ್ಟು, ಹೆಬ್ಬೆರಳಿನಿಂದ ಅದೇ ಒತ್ತು. ಪಕ್ಕದವಳ ಸಾಲಿಗೂ ಇವರ ಸಾಲಿಗೂ ವ್ಯತ್ಯಾಸ ಕಾಣಲಿಲ್ಲ. ಮೇಷ್ಟ್ರು ಮೆಲ್ಲಗೆ, “ಅವಳು ಗದ್ದೆಯವರ ಮನೆ ಮಗಳು” ಅಂದರು. ಎರಡು ವರ್ಷ ಓದಿ ಕಲಿಯಬೇಕೆಂದಿದ್ದ ಸಂಸ್ಕೃತಿ ಕಣ್ಣೆದುರಿಗೇ ಕೆಸರಿನಲ್ಲಿ ನಡೆಯುತ್ತಿತ್ತು.

ಸಾಲಿನ ಹಿರಿಯ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೇಳಿದಳು, “ಈವಮ್ಮ ಯಾವೂರ್ ಸೊಸೆ?”

“ಕಡಲಾಚೆಯವರು. ನಿಮ್ಮ ಮಾತು ಅವರಿಗೆ ಬರೋದಿಲ್ಲ.”

“ಮಾತ್ ಬರದಿದ್ರೆ ಇನ್ನೂ ಒಳ್ಳೇದು, ಕೆಲ್ಸ ಬೇಗ ಆಯ್ತದೆ. ನಾಳೀಕೂ ಕಳಿಸು.”

ಒಂದೇ ಒಂದು ಮಾತು

ತಪ್ಪಿಸಿಕೊಳ್ಳಲು ಇನ್ನು ತಾಲ್ಲೂಕು ಉಳಿಯಲಿಲ್ಲ. ಕಟ್ಟೆಮಳಲವಾಡಿಗೆ ಕರೆದುಕೊಂಡು ಹೋದೆ. ಅಪ್ಪ ಒಗೆದ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಜಗಲಿಯಲ್ಲಿ ನಿಂತಿದ್ದರು. “ಬನ್ನಿ ಸ್ವಾಮಿ” ಅಂದರು. ಮೇಷ್ಟ್ರ ಹೆಂಡತಿ ನನ್ನನ್ನು ನೋಡಿ, ಇವರಿಗೂ ಗೊತ್ತು ಎನ್ನುವಂತೆ ನಕ್ಕರು.

ಅಪ್ಪ ನನಗೆ ಬೆರಳು ತೋರಿಸಿ ಎಚ್ಚರಿಸಿದರು. ನಾನು ತುಟಿ ಬಿಗಿದೆ. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು ಬಹಳ ಮರ್ಯಾದೆಯಿಂದ ಶುರು ಮಾಡಿದರು, “ಸಾಯ ಸೆನಂಗ್ ಸೆಕಲಿ...” ನನಗೆ ಬಹಳ ಸಂತೋಷವಾಗಿದೆ ಅಂತ.

ಒಳಗಿನಿಂದ ಅವ್ವನ ಕೂಗು ಬಂತು, “ಬುಡ್ತು ಅನ್ನಿ ಸ್ವಾಮಿ!”

ಮೇಷ್ಟ್ರ ಮುಖ ಅರಳಿತು. “ಬುಡ್ತು, ಬುಡ್ತು” ಅಂದರು.

ಅದು ನಮ್ಮದೇ ಮಾತಾದ್ದರಿಂದ ಅಪ್ಪ ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಷ್ಟ್ರು ಮುಂದುವರಿಸಿದರು. ನಾನು ಒಳಗೊಳಗೇ ಬೇಡಿಕೊಂಡೆ: ಒಂದು ಸಲ ಗುರು ಅನ್ನಿ, ನಾಮ ಅನ್ನಿ, ಕೊನೆಗೆ ಗಜ ಅಂತಾದರೂ ಅನ್ನಿ. ತರಗತಿಯಲ್ಲಿ ಮಾತಿಗೆ ಮುಂಚೆ ಬರುತ್ತಿದ್ದ ಆ ಪದಗಳಲ್ಲಿ ಒಂದೂ ಅವತ್ತು ಅವರ ಬಾಯಿಗೆ ಬರಲಿಲ್ಲ. ಒಂದೂ ತಿಳೀಲಿಲ್ಲ ಎನ್ನುವಂತೆ ಅಪ್ಪ ಗೋಣು ಅಲ್ಲಾಡಿಸಿದರು. ಅವರ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. ನನಗೋ ಜಾವಾ ದ್ವೀಪ ಕಣ್ಣೆದುರೇ ಮುಳುಗಿಹೋಯಿತು.

ಊಟಕ್ಕೆ ಕೂತೆವು. ಅತಿಥಿಗಳ ಪಕ್ಕದಲ್ಲೇ ಅಪ್ಪ. ಎಲೆಗೆ ಅನ್ನ ಬಿತ್ತು. ನಮ್ಮಪ್ಪನದು ಹೊಲದ ಆ ತುದಿಯಿಂದ ಈ ತುದಿಗೆ ಕೂಗಿ ಪಳಗಿದ ಗಂಟಲು. ಅವರು ಅಡುಗೆಮನೆಯತ್ತ ತಿರುಗಿ ಗುಡುಗಿದರು, “ಲೇ, ತುಪ್ಪ ಅದಾ?”

ಮೇಷ್ಟ್ರು ಬೆಚ್ಚಿಬಿದ್ದರು. “ಅದ ಅಪ?” ಅಂದರು. ಏನಾಯಿತು, ಏನು ಸಮಾಚಾರ ಎಂದು ಕೇಳುವುದಕ್ಕೆ ಅವರಲ್ಲಿ ಹಾಗೇ ಅನ್ನುವುದು.

ಅಪ್ಪ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಕಣ್ಣು ಅಗಲವಾದವು. “ಅದೆ ಅಪ್ಪ ಅಂತಾವ್ರೆ ಕಣೇ! ತುಪ್ಪ ಅದಂತೆ!”

ಪರೀಕ್ಷೆ ಮಾಡುವವರಂತೆ ಇನ್ನೂ ಗಟ್ಟಿಯಾಗಿ ಕೂಗಿದರು, “ಸಾರು ಅದಾ?”

“ಅದ ಅಪ?” ಮೇಷ್ಟ್ರು ಈಗ ನಿಜವಾಗಿಯೂ ಕಳವಳಗೊಂಡಿದ್ದರು.

“ಅದೂ ಅದಂತೆ! ಮೊಸರು ಅದಾ?”

“ಅದ ಅಪ?”

“ಎಲ್ಲಾ ಅದಂತೆ ಕಣೇ!”

ಅವ್ವ ಪಾತ್ರೆ ಹಿಡಿದು ಹೊರಗೆ ಬಂದು ನೋಡಿದರೆ ಅತಿಥಿಗಳ ಎಲೆಯಲ್ಲಿ ಬರೀ ಬಿಳಿ ಅನ್ನ. “ಏನೂ ಇಲ್ವಲ್ರೀ ಎಲೆ ಮೇಲೆ!”

“ಇಲ್ದಿದ್ರೂ ಅದೆ ಅಪ್ಪ ಅಂತಾರಲ್ಲ, ಅದು ದೊಡ್ಡತನ ಅಂದ್ರೆ!” ಅಪ್ಪ ನನ್ನತ್ತ ತಿರುಗಿದರು. “ತಿಳೀತು ಕಣ್ಲಾ! ಒಂದಲ್ಲ, ಎರಡ್ ಮಾತು ತಿಳೀತು. ಹೋಗ್ಬುಟ್ಟು ಬಾ!”

ಸಂಜೆಗೆ ಮುಂಚೆ ಮೇಷ್ಟ್ರು ದಂಪತಿಗಳನ್ನು ಬಸ್ಸು ಹತ್ತಿಸಿದೆವು. ವಾಪಸು ಬರುವಾಗ ಎದುರಿಗೆ ಸಿಕ್ಕವರನ್ನೆಲ್ಲ ಅಪ್ಪ ನಿಲ್ಲಿಸಿ ಹೇಳುತ್ತಿದ್ದರು, “ಅಷ್ಟು ಓದಿದೋರು, ನನ್ನ ಅಪ್ಪ ಅಂದ್ರು ಕಣ್ರೀ.” ಬಾಯಿ ಮುಚ್ಚಿಕೊಂಡಿದ್ದರೆ ಜಾವಾ ನನ್ನದು. ಆದರೆ ಅಪ್ಪ ತಪ್ಪು ಅರ್ಥವನ್ನು ಊರೆಲ್ಲ ಹಂಚುತ್ತ ಹೋಗುವುದನ್ನು ನೋಡಲಾಗಲಿಲ್ಲ. ಹೇಳಿಬಿಟ್ಟೆ.

ಅಪ್ಪ ನಡೆಯುವುದನ್ನು ನಿಲ್ಲಿಸಿದರು. “ಅದ ಅನ್ನೋದು?”

“ಅದು ಸರಿಯೇ ಅಪ್ಪ. ಅಲ್ಲೂ ಅದ ಅಂದ್ರೆ ಅದೆ ಅಂತಲೇ ಅರ್ಥ.”

“ಅಪ್ಪ ಅನ್ನೋದು?”

“ಅದು ಅಪ್ಪ ಅಲ್ಲ, ಅಪ. ಏನು ಅಂತ ಅರ್ಥ.”

“ನಾನು ಆ ಮಾತಿಗೇ ಕಣ್ಲಾ ಸೋತಿದ್ದು.”

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಕೇಳಿದರು, “ಅಂಗಾದ್ರೆ ಅಲ್ಲಿ ನಿಂಗೆ ಕಷ್ಟ ಬಂದು, ಅಪ್ಪಾ ಅಂತ ಕೂಗ್ಕೊಂಡ್ರೆ, ಅಲ್ಲಿಯೋರ್ಗೆ ಏನು ಅಂತ ಕೇಳಿಸ್ತದಾ?”

“ಹೂಂ.”

“ಯಾರೋ ಏನು ಅಂತ ಕೇಳ್ತಾವ್ನಲ್ಲ ಅಂತ ತಿರುಗಿ ನೋಡ್ತಾರಾ?”

“ನೋಡ್ತಾರೆ.”

“ಅಷ್ಟ್ ಸಾಕು ಬುಡು” ಅಂದರು ಅಪ್ಪ. “ಅಪ್ಪಾ ಅಂದ್ರೆ ಒಬ್ರಾದ್ರೂ ತಿರುಗಿ ನೋಡ್ತಾರಲ್ಲ. ಹೋಗ್ಬುಟ್ಟು ಬಾ ಮಗಾ.”

ಜಾವಾ ಸೇರಿದ ಮೊದಲ ವಾರವೇ ಅಪ್ಪನ ಮಾತು ನಿಜವಾಯಿತು. ಮಳೆಯಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವನು ಜಾರಿ ಕೆಸರಿಗೆ ಬಿದ್ದು, “ಅಯ್ಯೋ ಅಪ್ಪಾ!” ಎಂದು ಕಿರುಚಿದೆ. ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು, “ಅಪ? ಅಪ?” ಎನ್ನುತ್ತ ನನ್ನತ್ತ ಓಡಿ ಬಂದರು. ಮದುವೆ ಇನ್ನೂ ಆಗಿರದ ನಾನು ಕೆಸರಿನಲ್ಲಿ ಕೂತಿದ್ದೆ, ಮೀಸೆ ಬಂದ ಗಂಡಸರು ನನ್ನನ್ನು ಸುತ್ತುವರಿದು ಒಂದೇ ಸಮನೆ ‘ಅಪ್ಪ, ಅಪ್ಪ’ ಅನ್ನುತ್ತಿದ್ದರು.